ಸಾರಿನಲ್ಲಿ ಸಮುದ್ರವಿಲ್ಲ

ಸುಳ್ಳು ಹೇಳುವವರು ಹೊಟ್ಟೆ ತುಂಬಿರುವಾಗ ಹೇಳಬಾರದು. ಆಗ ಸುಳ್ಳಿಗೂ ಕೊಬ್ಬು ಬರುತ್ತದೆ. ಎವಾರಿಸ್ತೊ ಫಾಲ್ಕಾತೊ ಎಂಬ ಸಾಧು ಮನುಷ್ಯ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಮೂರನೆಯ ಸಲ ಮೀನು ಬಡಿಸಿಕೊಂಡ ಮೇಲೆ ಹೇಳಿದ್ದು ಅಂಥದೇ ಒಂದು ಸುಳ್ಳು.

ಎವಾರಿಸ್ತೊ ಮಾಟೊಜಿನ್ಯೊಸ್ ಎಂಬ ಕಡಲೂರಿನ ನಗರಸಭೆಯಲ್ಲಿ, ಕಳೆದುಹೋದ ವಸ್ತುಗಳ ವಿಭಾಗದ ಗುಮಾಸ್ತ. ಟ್ರಾಮಿನಲ್ಲಿ, ಮಾರುಕಟ್ಟೆಯಲ್ಲಿ, ಇಗರ್ಜಿಯ ಬೆಂಚಿನ ಮೇಲೆ ಜನ ಮರೆತು ಬಂದ ಛತ್ರಿ, ಒಂಟಿ ಕೈಗವಸು, ಕನ್ನಡಕಗಳ ನಡುವೆ ಇಪ್ಪತ್ತಾರು ವರ್ಷ ಕೂತು, ಯಾರೂ ಹುಡುಕಿಕೊಂಡು ಬರದ ಆ ದೀರ್ಘ ಮಧ್ಯಾಹ್ನಗಳಲ್ಲಿ ಅವನು ಒಂದು ವಿದ್ಯೆ ಸಂಪಾದಿಸಿದ್ದ. ಅವನು ಕಣ್ಣು ಮುಚ್ಚಿದರೆ ಯೋಚಿಸುತ್ತಿದ್ದಾನೋ ನಿದ್ದೆ ಹೋಗಿದ್ದಾನೋ ಎಂದು ಮೇಲಧಿಕಾರಿಗಳಿಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಆ ದಿನ ಸುಳ್ಳು ಹೇಳಿಸಿದವಳು ನಾದಿನಿ ಗ್ರಾಸಿಯೆಟಾ. ಹೆಂಡತಿಯ ತಂಗಿ. ಮದುವೆಯಾಗಿ ಫ್ರಾನ್ಸಿನ ಲಿಯೋಂ ಪಟ್ಟಣ ಸೇರಿದ ಅವಳು ಪ್ರತಿ ಆಗಸ್ಟಿಗೂ ಒಂದು ಹೊಸ ಟೋಪಿ ಮತ್ತು ಹಳೆಯ ಜಂಬ ಹೊತ್ತು ಊರಿಗೆ ಬರುತ್ತಿದ್ದಳು.

"ಲಿಯೋಂನಲ್ಲಿ ನಾವು ಭಾನುವಾರ ಒಲೆ ಹಚ್ಚೋದೇ ಇಲ್ಲ ಭಾವ," ಎಂದಳು ಗ್ರಾಸಿಯೆಟಾ. "ಹೋಟೆಲಿಗೆ ಹೋದ್ರೆ ಕುರ್ಚಿ ಎಳೆದು ಕೂರಿಸ್ತಾರೆ. ‘ಮದಾಂ, ಇವತ್ತು ಏನಪ್ಪಣೆ’ ಅಂತಾರೆ. ನಿಮಗೆಲ್ಲಿ ಬಿಡಿ ಅದೆಲ್ಲ."

"ನಮಗೆಲ್ಲಿ ಅಂದ್ರೆ?" ಎವಾರಿಸ್ತೊ ಬಾಯಲ್ಲಿದ್ದ ತುತ್ತು ನುಂಗಿದ. "ಕಿವುಡು ಕಡಲಹಕ್ಕಿಗೆ ಬಂದು ನೋಡು. ನನ್ನ ಕೇಳದೆ ಅಲ್ಲಿ ಅಡುಗೆಯವರು ಸಾರಿಗೆ ಉಪ್ಪು ಹಾಕಲ್ಲ."

ಕಿವುಡು ಕಡಲಹಕ್ಕಿ ಎಂದರೆ ಕಡಲದಂಡೆಯ ಆ ದೊಡ್ಡ ಹೋಟೆಲು. ಬಿಳಿ ಗೋಡೆ, ಬಿಳಿ ಮೇಜುಬಟ್ಟೆ, ಬಿಳಿ ತಟ್ಟೆ. ಅಲ್ಲಿ ಮೀನೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಎವಾರಿಸ್ತೊನಿಗೂ ಆ ಹೋಟೆಲಿಗೂ ಇದ್ದ ನಂಟು ಇಷ್ಟೇ: ಹನ್ನೆರಡು ವರ್ಷದ ಹಿಂದೆ ಅಲ್ಲಿನ ಮುಖ್ಯ ಮಾಣಿ ಅನ್ಸೆಲ್ಮೊ ಕಳೆದುಕೊಂಡ ಛತ್ರಿ ಹುಡುಕಿಕೊಂಡು ಇವನ ಕಚೇರಿಗೆ ಬಂದಿದ್ದ. ಛತ್ರಿ ಸಿಕ್ಕ ಖುಷಿಯಲ್ಲಿ, "ನಮ್ಮ ಕಡೆ ಬಂದ್ರೆ ನನ್ನ ಕೇಳಿ," ಎಂದಿದ್ದ.

ಈ ಸುಳ್ಳನ್ನು ಹೆಂಡತಿ ಅಲ್ಲೇ ಚಿವುಟಿ ಹಾಕುತ್ತಾಳೆಂದು ಎವಾರಿಸ್ತೊ ನಂಬಿದ್ದ. ಮೂವತ್ತು ವರ್ಷದಿಂದ ಅವನ ಸುಳ್ಳುಗಳನ್ನು ಚಿವುಟುವ ಕೆಲಸ ಅವಳದೇ. ಆದರೆ ದಿಯೊಲಿಂಡಾ ಸೌಟು ಕೆಳಗಿಟ್ಟಳು. ಸೆರಗಿನಂತೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡಳು. ಡಬ್ಬಿ ಮೀನಿನ ಕಾರ್ಖಾನೆಯಲ್ಲಿ ನಿಂತೇ ಬೂತಾಯಿ ಮೀನಿನ ತಲೆ ಕತ್ತರಿಸಿದ ಕೈ ಅದು. ಮನೆಗೆ ಬಂದ ಮೇಲೆ ಒಲೆ ಮುಂದೆ ಮತ್ತೆ ನಿಲ್ಲುತ್ತಿದ್ದಳು.

"ಹೌದಾ ಎವಾರಿಸ್ತೊ?" ಎಂದಳು ಮೆಲ್ಲಗೆ. "ಮುಂದಿನ ಭಾನುವಾರ ನಮ್ಮ ಮದುವೆ ಆದ ದಿನ. ನನ್ನನ್ನೂ ಕರ್ಕೊಂಡು ಹೋಗ್ತೀಯಾ? ಒಂದ್ಸಲ ನಾನು ಕೂತಿರಬೇಕು, ಯಾರಾದ್ರೂ ಮೀನು ತಂದು ನನ್ನ ಮುಂದೆ ಇಡಬೇಕು. ಅಷ್ಟೇ ಆಸೆ."

ಇನ್ನು ಸುಳ್ಳನ್ನು ವಾಪಸು ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಜನನ ಮರಣ ವಿಭಾಗದ ಗೆಳೆಯನೊಬ್ಬ ದೊಡ್ಡ ಹೋಟೆಲಿನ ನಡಾವಳಿ ಹೇಳಿಕೊಟ್ಟ. "ಏನೇ ತಂದಿಡಲಿ, ತಕ್ಷಣ ಬಾಯಿಗೆ ಹಾಕೋಬೇಡ. ಮೂಸು. ಒಂದು ಗುಟುಕು ತಗೋ. ಕಣ್ಣು ಮುಚ್ಚು. ಮನಸ್ಸಲ್ಲೇ ಏಳರ ತನಕ ಎಣಿಸು. ಆಮೇಲೆ ‘ಹೂಂ’ ಅನ್ನು. ಯಾರೂ ನಿನ್ನ ಮೇಲೆ ಅನುಮಾನ ಪಡಲ್ಲ." ಎವಾರಿಸ್ತೊ ವಾರವಿಡೀ ನಿದ್ದೆಗೆಟ್ಟು, ಕನ್ನಡಿಯ ಮುಂದೆ ನೀರಿಗೆ ವಿನಿಗರ್ ಬೆರೆಸಿಕೊಂಡು ಮೂಸಿ, ಗುಟುಕರಿಸಿ, ಎಣಿಸಿ, ಹೂಂಕರಿಸಿ ಅಭ್ಯಾಸ ಮಾಡಿದ. ಯಾವ ಪಾದ್ರಿಯೂ ಮೊದಲ ಪ್ರಾರ್ಥನೆಗೆ ಅಷ್ಟು ತಯಾರಿ ಮಾಡಿರಲಾರ. ಈ ನಿದ್ದೆಗೇಡೇ ಮುಂದಿನದಕ್ಕೆಲ್ಲ ಮೂಲ.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮೂವರೂ ಹೊರಟಾಗ ಕಡಲಿನ ಮೇಲಿಂದ ಮಂಜು ಬಂದು ಬೀದಿಗಳನ್ನೆಲ್ಲ ನುಂಗಿಬಿಟ್ಟಿತ್ತು. ಮನೆಗಳು ಅರ್ಧ ಇದ್ದವು, ಅರ್ಧ ಇರಲಿಲ್ಲ. ಟ್ರಾಮು ಗಂಟೆ ಬಾರಿಸುತ್ತ ಎಲ್ಲಿಂದಲೋ ಬಂದು ಎಲ್ಲಿಗೋ ಹೋಯಿತು. ಎವಾರಿಸ್ತೊ ಬಿಗಿಯಾದ ಹೊಸ ಬೂಟಿನಲ್ಲಿ ಮೋಡದ ಮೇಲೆ ನಡೆದಂತೆ ನಡೆಯುತ್ತಿದ್ದ.

ಹೋಟೆಲಿನ ಬಾಗಿಲಲ್ಲಿ ಅನ್ಸೆಲ್ಮೊ ನಿಂತಿದ್ದ. ಬೆಳ್ಳಿಗೂದಲು, ಕರಿಯ ಕೋಟು, ರಾಯಭಾರಿಯ ಗಾಂಭೀರ್ಯ. ಅವನ ಮುಖದಲ್ಲಿ ಗುರುತಿನ ಸುಳಿವೂ ಕಾಣಲಿಲ್ಲ.

"ನಾನು... ಛತ್ರಿ..." ಎಂದ ಎವಾರಿಸ್ತೊ ಹಲ್ಲು ಕಿರಿದು.

"ಛತ್ರಿ ಆ ಮೂಲೆಯಲ್ಲಿಡಿ, ಸೆನ್ಯೋರ್," ಎಂದ ಅನ್ಸೆಲ್ಮೊ.

ಗ್ರಾಸಿಯೆಟಾಳ ಹುಬ್ಬು ಟೋಪಿಯ ಅಂಚು ಮುಟ್ಟಿತು. "ಭಾವ, ಇವರಿಗೆ ನಿಮ್ಮ ಪರಿಚಯ ತುಂಬಾ ಗಾಢವಾಗಿದ್ದ ಹಾಗಿದೆ!"

ಕಿಟಕಿಯ ಪಕ್ಕದ ಮೇಜು. ಕಿಟಕಿಯಾಚೆ ಕಡಲಿರಬೇಕಾದಲ್ಲಿ ಬರೀ ಬೆಳ್ಳಗೆ. ಒಳಗೆ ಹಿತವಾದ ಬಿಸುಪು, ಚಮಚಗಳ ಸಣ್ಣ ಕಿಣಿಕಿಣಿ, ಪಿಸುಮಾತು. ದಿಯೊಲಿಂಡಾಳಿಗೆ ಅನ್ಸೆಲ್ಮೊ ಕುರ್ಚಿ ಎಳೆದುಕೊಟ್ಟ. ಅವಳು ಅದರ ಅಂಚಿನಲ್ಲಿ ಕೂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು, ಮದುವೆಯ ದಿನ ನಕ್ಕಂತೆ ನಕ್ಕಳು. ಪಕ್ಕದ ಮೇಜಿನಲ್ಲಿ ನಗರಸಭೆಯ ಸದಸ್ಯ ಡಾಕ್ಟರ್ ಕಿಂತೆಲಾ. ಜೀವಮಾನದಲ್ಲಿ ಯಾರ ನಾಡಿಯನ್ನೂ ಹಿಡಿದವರಲ್ಲ. ಕಾನೂನು ಓದಿದವರನ್ನೂ ಡಾಕ್ಟರೆಂದೇ ಕರೆಯುವ ನಾಡು ಅದು. ಊರಿನ ರುಚಿ, ಅಭಿರುಚಿ ಎಲ್ಲವೂ ತಮ್ಮ ನಾಲಿಗೆಯ ಮೇಲೆಯೇ ನಿಂತಿದೆ ಎಂಬುದು ಅವರ ನಂಬಿಕೆ.

ಅನ್ಸೆಲ್ಮೊ ತಂಪಾದ ಎಳೆ ವೈನು ತಂದು ಎವಾರಿಸ್ತೊನ ಲೋಟಕ್ಕೆ ಒಂದು ಗುಟುಕಿನಷ್ಟು ಸುರಿದ. ಎವಾರಿಸ್ತೊ ಮೂಸಿದ. ಗುಟುಕರಿಸಿದ. ಕಣ್ಣು ಮುಚ್ಚಿ ಎಣಿಸಿದ. ಏಳಕ್ಕೆ ಬಾಯಿ ತೆರೆಯುವುದಕ್ಕೂ ಬಂದರಿನಲ್ಲಿ ಹಡಗುಗಳನ್ನು ಎಚ್ಚರಿಸುವ ಮಂಜಿನ ಕಹಳೆ ಕೂಗುವುದಕ್ಕೂ ಸರಿಹೋಯಿತು.

"ಊಂ..."

ಗಾಜುಗಳು ಅದುರಿದವು. ಎವಾರಿಸ್ತೊ ಬಾಯಿ ಮುಚ್ಚಿದ, ಕಹಳೆ ನಿಂತಿತು. ಒಬ್ಬ ಮನುಷ್ಯನ ಹೊಟ್ಟೆಯಿಂದ ಇಷ್ಟು ಆಳದ ಅಸಮಾಧಾನ ಹೊರಟದ್ದನ್ನು ಅನ್ಸೆಲ್ಮೊ ತನ್ನ ನಲವತ್ತು ವರ್ಷದ ಮಾಣಿಗಿರಿಯಲ್ಲಿ ಕೇಳಿರಲಿಲ್ಲ.

"ಬೇರೆ ಬಾಟಲಿ ತರ್ತೀನಿ, ಸೆನ್ಯೋರ್. ಕ್ಷಮಿಸಬೇಕು," ಎಂದು ಬೆನ್ನು ಬಾಗಿಸಿ ಹೋದ.

ಡಾಕ್ಟರ್ ಕಿಂತೆಲಾ ಮೆಲ್ಲಗೆ ತಮ್ಮ ಲೋಟ ಕೆಳಗಿಟ್ಟರು.

ಹೊಸ ಬಾಟಲಿ ಬಂತು. ಈ ಸಲ ಎವಾರಿಸ್ತೊ ಕಹಳೆಗೆ ಹೆದರಿ ಬೇಗ ಬೇಗ ತಲೆಯಾಡಿಸಿ ಎರಡು ಲೋಟ ಕುಡಿದೇಬಿಟ್ಟ. ಅಷ್ಟರಲ್ಲಿ ಹೋಟೆಲಿನ ಹೆಸರುವಾಸಿ ಅಡುಗೆ ಬಂತು: ಬಂಡೆಮೀನಿನ ತಿಳಿಸಾರು. ಮೊರದಗಲದ ಬಿಳಿ ತಟ್ಟೆ, ಅದರ ನಡುವೆ ಬೊಗಸೆಯಷ್ಟು ಸಾರು, ಸಾರಿನ ನಡುವೆ ಒಂದು ಎಲೆ. ಎಲೆ ಏಕಾಂಗಿಯಾಗಿ ತೇಲುತ್ತಿತ್ತು.

ಎವಾರಿಸ್ತೊ ಒಂದು ಚಮಚ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಒಂದು, ಎರಡು, ಮೂರು ಎಂದ. ನಾಲ್ಕು ಬರಲಿಲ್ಲ.

ನಾಲ್ಕರ ಬದಲು ಒಂದು ದೋಣಿ ಬಂತು. ಅವನ ತೀರಿಹೋದ ತಂದೆಯ ನೀಲಿ ದೋಣಿ. ತಂದೆ ಹುಟ್ಟು ಹಿಡಿದು ಕೂತಿದ್ದಾನೆ, ಕಚೇರಿಯ ಛತ್ರಿಗಳೆಲ್ಲ ಬಿಚ್ಚಿಕೊಂಡು ದೋಣಿಯ ಸುತ್ತ ಹಕ್ಕಿಗಳಂತೆ ಹಾರುತ್ತಿವೆ. ಇಪ್ಪತ್ತಾರು ವರ್ಷ ಯಾರೂ ಕೇಳಿಕೊಂಡು ಬರದ ಒಂಟಿ ಕೈಗವಸುಗಳು ಟಾಟಾ ಮಾಡುತ್ತಿವೆ. ಎಳೆಯ ದಿಯೊಲಿಂಡಾ ದೋಣಿಯ ಮೂತಿಯಲ್ಲಿ ಕೂತು ಪಾದ ಇಳಿಬಿಟ್ಟಿದ್ದಾಳೆ. "ಹೊರಡೋಣವೇನೋ?" ಎಂದ ತಂದೆ. ಎವಾರಿಸ್ತೊ ಕೆಳಗೆ ಬಗ್ಗಿ ನೋಡಿದ. ಬರೀ ಬೆಳ್ಳನೆಯ ಮರಳು. ದೋಣಿ ಇದೆ, ಹುಟ್ಟು ಇದೆ, ಹೋಗುವವರೆಲ್ಲ ಇದ್ದಾರೆ. ಕೆಳಗೆ ನೀರೇ ಇಲ್ಲ. ಅವನಿಗೆ ದುಃಖ ಒತ್ತರಿಸಿ ಬಂತು.

"ಸಮುದ್ರ ಇಲ್ಲ," ಎಂದ ಗಟ್ಟಿಯಾಗಿ. "ಇದರಲ್ಲಿ ಸಮುದ್ರವೇ ಇಲ್ಲ!"

ಮುಚ್ಚಿದ ಕಣ್ಣಿನಿಂದ ಒಂದು ಹನಿ ಉದುರಿ ಸಾರಿಗೆ ಬಿತ್ತು.

ಚಮಚಗಳ ಕಿಣಿಕಿಣಿ ನಿಂತಿತು. ಎವಾರಿಸ್ತೊ ಕಣ್ಣು ಬಿಟ್ಟಾಗ ಇಡೀ ಹೋಟೆಲು ಅವನನ್ನೇ ನೋಡುತ್ತಿತ್ತು. ಅನ್ಸೆಲ್ಮೊನ ಮುಖ ಮೇಜುಬಟ್ಟೆಯ ಬಣ್ಣಕ್ಕೆ ತಿರುಗಿತ್ತು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಡಾಕ್ಟರ್ ಕಿಂತೆಲಾ, ತಮ್ಮ ಮುಕ್ಕಾಲು ಖಾಲಿಯಾದ ತಟ್ಟೆಯನ್ನು ದೂರ ತಳ್ಳುತ್ತ. "ಮೊದಲನೇ ಚಮಚದಲ್ಲೇ ಏನೋ ಇಲ್ಲ ಅನ್ನಿಸ್ತು. ಏನು ಅಂತ ಗೊತ್ತಾಗಿರಲಿಲ್ಲ. ಸಮುದ್ರ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಮೂರನೆಯ ಮೇಜಿನ ಮುದುಕಿಯೊಬ್ಬಳು ಕನ್ನಡಕ ಹಾಕಿಕೊಂಡು ಸಾರಿನೊಳಗೆ ಸಮುದ್ರ ಹುಡುಕಿದಳು. ಬಾಗಿಲ ಬಳಿಯ ವಕೀಲರೊಬ್ಬರು ತಮ್ಮದರಲ್ಲೂ ಇಲ್ಲವೆಂದು ಘೋಷಿಸಿದರು. ಮೂಲೆಯಲ್ಲಿ ಒಬ್ಬರು ತಿನ್ನುತ್ತಿದ್ದದ್ದು ಕೋಳಿ. ಅದರಲ್ಲೂ ಇಲ್ಲ ಎಂದು ಅವರೂ ವಾಪಸು ಕಳಿಸಿದರು.

"ಲಿಯೋಂನಲ್ಲಿ ಸಾರಿಗೆ ಯಾವಾಗ್ಲೂ ಸಮುದ್ರ ಹಾಕ್ತಾರೆ," ಎಂದಳು ಗ್ರಾಸಿಯೆಟಾ. ಲಿಯೋಂನಿಂದ ಅತಿ ಹತ್ತಿರದ ಸಮುದ್ರಕ್ಕೆ ಹೋಗಬೇಕಾದರೆ ರೈಲಿನಲ್ಲಿ ಬುತ್ತಿ ಕಟ್ಟಿಕೊಂಡೇ ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಅವಳು ಎವಾರಿಸ್ತೊನ ಕಡೆ ತಿರುಗಿ ಮೊದಲ ಬಾರಿಗೆ ಬಹುವಚನಕ್ಕೆ ತಕ್ಕ ದನಿಯಲ್ಲಿ, "ಭಾವ, ನೀವು ಇಷ್ಟು ತಿಳಿದವರು ಅಂತ ನನಗೆ ಗೊತ್ತೇ ಇರಲಿಲ್ಲ," ಎಂದಳು.

ಈ ಗದ್ದಲದಲ್ಲಿ ದಿಯೊಲಿಂಡಾ ಒಬ್ಬಳೇ ಮಾತಾಡದೆ, ತನ್ನ ಮೊದಲ ಚಮಚವನ್ನು ತುಂಬಿ, ಅದರ ಮೇಲಿನ ಎಲೆ ಬೀಳದಂತೆ ಜೋಪಾನವಾಗಿ ತುಟಿಯವರೆಗೆ ತಂದಿದ್ದಳು.

"ಬೇಡ ದೋನಾ! ದಯವಿಟ್ಟು ಬೇಡಮ್ಮ!" ಅನ್ಸೆಲ್ಮೊ ಅವಳ ಕೈಯಿಂದ ಚಮಚವನ್ನು ಬಿಡಿಸಿಕೊಂಡು, ತಟ್ಟೆಯನ್ನೆತ್ತಿ, ಶವ ಹೊತ್ತವನಂತೆ ಒಳಗೆ ನಡೆದ.

ದಿಯೊಲಿಂಡಾಳ ಬಾಯಿ ತೆರೆದೇ ಇತ್ತು. ಎವಾರಿಸ್ತೊ ಅವಳನ್ನು ನೋಡಿದ.

"ಎವಾರಿಸ್ತೊ," ಅವಳು ಬಗ್ಗಿ ಪಿಸುಗುಟ್ಟಿದಳು. "ನಿದ್ದೆ ಹೊಡೀತಿದ್ದೆ ತಾನೆ?"

"ಒಂದೇ ಒಂದು ನಿಮಿಷ, ಲಿಂಡಾ."

"ಗೊರಕೆ ಕೇಳಿಸ್ತು. ಇವರೆಲ್ಲ ಅದನ್ನ ನಿಟ್ಟುಸಿರು ಅಂದ್ಕೊಂಡ್ರು."

ಅಷ್ಟರಲ್ಲಿ ಉಪ್ಪಿನ ಗೂಡಿನಲ್ಲಿ ಬೇಯಿಸಿದ ಇಡೀ ಮೀನನ್ನು ಇಬ್ಬರು ಮಾಣಿಗಳು ಹೊತ್ತು ತಂದರು. ಉಪ್ಪು ಒಡೆದಾಗ ಹಬೆ ಎದ್ದಿತು. ಈ ಸಲ ಕಣ್ಣು ಮುಚ್ಚಲೇಬಾರದೆಂದು ಎವಾರಿಸ್ತೊ ಶಪಥ ಮಾಡಿ, ಕಣ್ಣುಗಳನ್ನು ಗೂಬೆಯಂತೆ ಅಗಲಿಸಿ, ತುತ್ತು ಬಾಯಿಗಿಟ್ಟು, "ಚೆನ್ನಾಗಿದೆ! ಬಹಳ ಚೆನ್ನಾಗಿದೆ!" ಎಂದು ಕೂಗಿದ. "ಎಲ್ಲರೂ ತಿನ್ನಿ! ಲಿಂಡಾ, ತಿನ್ನು, ಬೇಗ ತಿನ್ನು!"

ಆ ಕಣ್ಣುಗಳನ್ನು ನೋಡಿ ಅನ್ಸೆಲ್ಮೊನ ಎದೆ ಒಡೆಯಿತು. "ನಮ್ಮನ್ನ ಸಮಾಧಾನ ಮಾಡಬೇಡಿ ಸೆನ್ಯೋರ್," ಎಂದ. "ನಿಮ್ಮ ಕಷ್ಟ ಮುಖದಲ್ಲಿ ಕಾಣ್ತಿದೆ." ದಿಯೊಲಿಂಡಾಳ ಚಾಕು ಮೀನಿಗೆ ತಾಗುವ ಮೊದಲೇ ಅದೂ ಅಡುಗೆಮನೆಗೆ ವಾಪಸಾಯಿತು.

"ಸಭ್ಯತೆ!" ಎಂದರು ಡಾಕ್ಟರ್ ಕಿಂತೆಲಾ ಪಕ್ಕದ ಮೇಜಿನವರಿಗೆ ಕೇಳುವಂತೆ. "ದೊಡ್ಡವರ ಸಭ್ಯತೆ ಅಂದ್ರೆ ಅದು. ಹೊಗಳಿಯೇ ಕೊಂದರು."

ಅಡುಗೆಮನೆಯ ಬಾಗಿಲು ತೆರೆಯಿತು. ಹೋಟೆಲಿನ ಒಡತಿ, ಮುಖ್ಯ ಅಡುಗೆಯವಳು ಬೆನೆಡಿಟಾ ಹೊರಗೆ ಬಂದಳು. ಐವತ್ತರ ಹೆಂಗಸು. ಬಾಗದ ಬೆನ್ನು, ಗಂಜಿ ಹಾಕಿದ ಬಿಳಿ ಟೋಪಿ. ಅಡುಗೆಯ ಬಗ್ಗೆ ದೂರಿದವರನ್ನು ನೋಟದಲ್ಲೇ ಬಾಗಿಲಾಚೆ ದಬ್ಬುತ್ತಾಳೆಂದು ಹೆಸರು. ಅವಳು ನೇರವಾಗಿ ಎವಾರಿಸ್ತೊನ ಮೇಜಿಗೆ ಬಂದು ನಿಂತಳು. ಊರಿನ ಅರ್ಧ ಗಣ್ಯರು ಉಸಿರು ಬಿಗಿಹಿಡಿದರು.

"ಸಮುದ್ರ ಇಲ್ಲ ಅಂದವರು ನೀವೇನಾ?"

ಎವಾರಿಸ್ತೊ ಎದ್ದು ನಿಂತ. ಕರವಸ್ತ್ರ ಕೊರಳಲ್ಲೇ ಸಿಕ್ಕಿಕೊಂಡಿತ್ತು. "ಅಮ್ಮಾ, ತಪ್ಪಾಯ್ತು. ನಾನು ತಿಳಿದವನಲ್ಲ. ಕಳೆದುಹೋದ ಛತ್ರಿ ಕಾಯೋ ಗುಮಾಸ್ತ. ನಿದ್ದೆ ಬಂದುಬಿಟ್ಟಿತ್ತು. ಕನಸಲ್ಲಿ ಅಪ್ಪನ ದೋಣಿ ಮರಳಿನ ಮೇಲೆ ನಿಂತಿತ್ತು. ಹೊರಡೋಣ ಅಂದ್ರೆ ಸಮುದ್ರ ಇರಲಿಲ್ಲ. ಅಷ್ಟೇ ನಾನು ಹೇಳಿದ್ದು. ನಿಮ್ಮ ಸಾರಿನ ತಂಟೆಗೆ ನಾನು ಹೋಗಿಲ್ಲ."

ಸತ್ಯಕ್ಕೆ ಒಂದು ದೌರ್ಬಲ್ಯವಿದೆ. ತಪ್ಪು ಹೊತ್ತಿನಲ್ಲಿ ಹೇಳಿದರೆ ಅದು ಕವಿತೆಯಂತೆ ಕೇಳಿಸುತ್ತದೆ. "ಕಳೆದುಹೋದದ್ದನ್ನ ಕಾಯುವವನು!" ಎಂದು ಮೂರನೆಯ ಮೇಜಿನ ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರ್ ಕಿಂತೆಲಾ ಜೇಬಿನಿಂದ ಪೆನ್ನು ತೆಗೆದು ಮೇಜುಬಟ್ಟೆಯ ಮೇಲೆಯೇ ಏನೋ ಬರೆದುಕೊಂಡರು.

ಬೆನೆಡಿಟಾ ಮಾತ್ರ ಅಲುಗಾಡಲಿಲ್ಲ.

"ನಮ್ಮಜ್ಜಿ ಇದೇ ಬೀದಿಯಲ್ಲಿ ಬುಟ್ಟಿ ತಲೆ ಮೇಲೆ ಹೊತ್ತು ಮೀನು ಮಾರ್ತಿದ್ಲು," ಎಂದಳು. "ಈ ಹೋಟೆಲು ತೆಗೆದ ದಿನ ಕರ್ಕೊಂಡು ಬಂದು ಆ ಕುರ್ಚೀಲಿ ಕೂರಿಸಿದ್ದೆ. ಸಾರು ಕುಡಿದು, ‘ಚೆಂದ ಇದೆ ಮಗಳೇ, ಸಮುದ್ರ ಎಲ್ಲಿ?’ ಅಂದ್ಲು. ನನ್ನ ಅಡುಗೇನ ಹೀಗಳೆದ್ಲು ಅಂತ ನನಗೆ ಸಿಟ್ಟು ಬಂತು. ಮತ್ತೆ ಕರೀಲೇ ಇಲ್ಲ. ಆಮೇಲೆ ಕರೆಯೋಕೆ ಅವಳೇ ಇರಲಿಲ್ಲ. ಈ ಮಾತು ನಾನು ಯಾರಿಗೂ ಹೇಳಿದವಳಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಕೆಲವೊಂದು ವಸ್ತು ಕೇಳ್ಕೊಂಡು ಯಾರೂ ಬರಲ್ಲಮ್ಮ," ಎಂದ ಎವಾರಿಸ್ತೊ, ಕಚೇರಿಯಲ್ಲಿ ಯಾವಾಗಲೂ ಹೇಳುವುದನ್ನೇ. "ಆದರೂ ನಾವು ತೆಗೆದಿಟ್ಟಿರ್ತೀವಿ."

ಬೆನೆಡಿಟಾ ಟೋಪಿ ಕಿತ್ತು ಅವನ ಮೇಜಿನ ಮೇಲಿಟ್ಟಳು. ನರೆತ ಕೂದಲು ಭುಜದ ಮೇಲೆ ಬಿತ್ತು. "ಅನ್ಸೆಲ್ಮೊ! ಹಿಂದಿನ ಕೋಣೆಯಲ್ಲಿ ಅಜ್ಜಿಯ ಇದ್ದಿಲೊಲೆ ಇದೆ, ಹೊರಗೆ ತಗೊಂಡು ಬಾ. ಬೂತಾಯಿ ತೊಳೆಯೋಕೆ ಹೇಳು. ಕುರ್ಚಿ ಎಲ್ಲ ರಸ್ತೆಗೆ ಹಾಕು!"

"ರಸ್ತೆಗಾ, ದೋನಾ ಬೆನೆಡಿಟಾ?" ಅನ್ಸೆಲ್ಮೊನ ನಲವತ್ತು ವರ್ಷದ ಗಾಂಭೀರ್ಯ ಅಲ್ಲೇ ಕುಸಿಯಿತು.

ಹತ್ತು ನಿಮಿಷದಲ್ಲಿ ಕಿವುಡು ಕಡಲಹಕ್ಕಿಯ ಗಣ್ಯರೆಲ್ಲ ಕರವಸ್ತ್ರ ಕೊರಳಿಗೆ ಕಟ್ಟಿಕೊಂಡು ಮಂಜಿನೊಳಗೆ ಕಾಲುದಾರಿಯ ಮೇಲೆ ಕೂತಿದ್ದರು. ಬಿಳಿ ಮೇಜುಗಳು ಬಿಳಿ ಮಂಜಿನಲ್ಲಿ ಕರಗಿ, ವೈನಿನ ಲೋಟಗಳು ತಾವಾಗಿಯೇ ಗಾಳಿಯಲ್ಲಿ ನಿಂತಂತೆ ಕಾಣುತ್ತಿದ್ದವು. ಕಾಣದ ಕಡಲು ಪಕ್ಕದಲ್ಲೇ ಉಸಿರಾಡುತ್ತಿತ್ತು. ಯಾರೂ ಜೋರಾಗಿ ಮಾತಾಡಲಿಲ್ಲ; ಮಾತಾಡಿದರೆ ಎಚ್ಚರವಾಗಿಬಿಡುತ್ತದೆ ಎಂಬ ಭಯವಿದ್ದಂತೆ.

ಆದರೆ ಇದ್ದಿಲು ಹೊತ್ತಲಿಲ್ಲ. ಮಂಜಿನಿಂದ ಅದಕ್ಕೆ ತೇವ ಹಿಡಿದಿತ್ತು, ಬೆನೆಡಿಟಾಳಿಗೆ ಇದ್ದಿಲಿನ ಅಭ್ಯಾಸ ತಪ್ಪಿ ವರ್ಷಗಳಾಗಿದ್ದವು. ಅವಳು ಊದಿದಳು, ಕೆಮ್ಮಿದಳು, ಮತ್ತೆ ಊದಿದಳು. ದಿಯೊಲಿಂಡಾ ಎರಡು ನಿಮಿಷ ತಡೆದಳು. ಮೂರನೆಯ ನಿಮಿಷಕ್ಕೆ ನಿಟ್ಟುಸಿರು ಬಿಟ್ಟು, ಹಬ್ಬದ ಅಂಗಿಯ ತೋಳು ಮಡಚುತ್ತ ಮೇಲೇಳಲು ಹೊರಟಳು. "ಸರಿ ಬಿಡಿ, ನಾನೇ ಹಚ್ಚಿಕೊಡ್ತೀನಿ."

"ಲಿಂಡಾ, ಏಳಬೇಡ!"

ಕೂಗಿದವನು ಎವಾರಿಸ್ತೊ. ಆ ದನಿಗೆ ಅವನೇ ಬೆಚ್ಚಿದ. ಆದರೂ ಮುಂದೆ ನಡೆದ. ಚರ್ಮದ ರಟ್ಟು ಹಾಕಿದ ದೊಡ್ಡ ತಿಂಡಿಪಟ್ಟಿಯೊಂದನ್ನು ಎತ್ತಿಕೊಂಡು ಒಲೆಯ ಮುಂದೆ ಮಂಡಿಯೂರಿ ಬೀಸತೊಡಗಿದ. ಮದುವೆಯಾದಾಗಿನಿಂದ ಒಲೆಯ ಹತ್ತಿರ ಹೋಗದ ಮನುಷ್ಯ. ಮೊದಲು ಬೂದಿಯೆಲ್ಲ ಡಾಕ್ಟರ್ ಕಿಂತೆಲಾರ ಕೋಟಿನ ಮೇಲೆ ಹೋಯಿತು. ಆಮೇಲೆ ಒಂದು ಕಿಡಿ ಹಾರಿ ಗ್ರಾಸಿಯೆಟಾಳ ಟೋಪಿಯ ಗರಿಗೆ ಹತ್ತಿತು.

"ಭಾವ! ಟೋಪಿ! ಫ್ರಾನ್ಸಿನದು!"

"ಅದನ್ನೂ ಬೀಸಮ್ಮ ಇತ್ತ, ಚೆನ್ನಾಗಿ ಉರೀತಿದೆ!" ಎಂದ ಎವಾರಿಸ್ತೊ, ತಲೆಯೆತ್ತದೆ.

ಅನ್ಸೆಲ್ಮೊ ಇಡೀ ಬಾಟಲಿ ನೀರನ್ನು ಟೋಪಿಯ ಮೇಲೆ, ಕರವಸ್ತ್ರ ಹಿಡಿದು, ಎಡಗೈ ಬೆನ್ನ ಹಿಂದಿಟ್ಟು, ಶಾಸ್ತ್ರೋಕ್ತವಾಗಿ ಸುರಿದ. ಗ್ರಾಸಿಯೆಟಾ ಬಾಯಿ ತೆರೆದಳು, ಮುಚ್ಚಿದಳು, ಕೊನೆಗೆ ಯಾಕೋ ನಗಲು ಶುರುಮಾಡಿದಳು. ಊರು ಬಿಡುವ ಮೊದಲು ನಗುತ್ತಿದ್ದ ಹಾಗೆ ನಕ್ಕಳು.

ಇದ್ದಿಲು ಕೆಂಪಾಯಿತು. ಬೆನೆಡಿಟಾ ಕಲ್ಲುಪ್ಪು ಎರಚಿದ ಬೂತಾಯಿಗಳನ್ನು ಸಾಲಾಗಿ ಇಟ್ಟಳು. ಕೊಬ್ಬು ತೊಟ್ಟಿಕ್ಕಿ ಚುರ್ರೆಂದಿತು, ಹೊಗೆಯೆದ್ದು ಮಂಜಿಗೆ ಸೇರಿತು. ಆ ವಾಸನೆಗೆ ಕಾಣದ ಮನೆಗಳ ಕಾಣದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡ ಸದ್ದು ಕೇಳಿಸಿತು.

ಮೊದಲ ಮೀನನ್ನು ದಪ್ಪ ಜೋಳದ ಬ್ರೆಡ್ಡಿನ ಮೇಲಿಟ್ಟುಕೊಂಡು ಎವಾರಿಸ್ತೊ ತಾನೇ ತಂದ. ಮುಖವೆಲ್ಲ ಮಸಿ, ಎರಡು ಬೆರಳಿಗೆ ಬೊಕ್ಕೆ. ಹೆಂಡತಿಯ ಮುಂದೆ ತಟ್ಟೆಯಿಟ್ಟು, ಪಕ್ಕದಲ್ಲಿ ಕೂತು, ಮುಳ್ಳು ಬಿಡಿಸಿಕೊಡಲು ಹೋದ. ಲಕ್ಷಾಂತರ ಬೂತಾಯಿಗಳನ್ನು ಒಂದೇ ಏಟಿಗೆ ಹಸನು ಮಾಡಿದ ದಿಯೊಲಿಂಡಾ, ಆ ಒಂದು ಬಡಪಾಯಿ ಮೀನು ಗಂಡನ ಕೈಯಲ್ಲಿ ಪಡುತ್ತಿದ್ದ ಪಾಡನ್ನು ನೋಡುತ್ತ ಕೂತಳು. ಅವಳ ಕೈ ಎರಡು ಸಲ ಮುಂದಕ್ಕೆ ಬಂದು ಎರಡು ಸಲವೂ ಮಡಿಲಿಗೆ ವಾಪಸಾಯಿತು. ಕೊನೆಗೆ ಮೀನೆಂದು ಗುರುತು ಹತ್ತದ ಏನೋ ಒಂದು ಅವಳ ಬ್ರೆಡ್ಡಿನ ಮೇಲೆ ಉಳಿಯಿತು. ಅವಳು ಬಾಯಿಗಿಟ್ಟುಕೊಂಡಳು. ನಿಧಾನವಾಗಿ, ಎಲ್ಲೂ ಹೋಗುವ ಅವಸರವಿಲ್ಲದೆ ಅಗಿದಳು.

ಇಡೀ ಬೀದಿ ತೀರ್ಪಿಗೆ ಕಾಯುತ್ತಿತ್ತು. ಡಾಕ್ಟರ್ ಕಿಂತೆಲಾ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದಿದ್ದರು, ಒಳಗೆ ಹಾಕಬೇಕೋ ಬೇಡವೋ ತಿಳಿಯದೆ. ಬೆನೆಡಿಟಾ ಕೈಯಲ್ಲಿ ಇಕ್ಕಳ ಹಿಡಿದು ಮೇಜಿನ ಬಳಿ ಬಂದಳು. ಎವಾರಿಸ್ತೊನ ತಲೆ ಹೆಂಡತಿಯ ಭುಜಕ್ಕೆ ವಾಲಿತ್ತು. ಕಣ್ಣು ಮುಚ್ಚಿತ್ತು.

"ಏನನ್ನಿಸ್ತು ಸೆನ್ಯೋರ್?" ಎಂದಳು ಬೆನೆಡಿಟಾ ಅಳುಕುತ್ತ. "ಈಗ ಇದೆಯಾ?"

"ಅವನನ್ನ ಯಾಕಮ್ಮ ಕೇಳ್ತೀಯಾ?" ಎಂದಳು ದಿಯೊಲಿಂಡಾ, ಭುಜ ಅಲುಗದಂತೆ ಎಡಗೈಯಿಂದ ತಟ್ಟೆಯನ್ನು ಮುಂದಕ್ಕೆ ಚಾಚುತ್ತ. "ತಿಂತಾ ಇರೋಳು ನಾನು. ಇನ್ನೆರಡು ಹಾಕು."